ಹಲ್ಲಿಲ್ಲದ ಅರ್ಧಾಣೆ: ಕತ್ತರಿ ಹಿಡಿಯುವ ಮುನ್ನ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕು ಸಿಕ್ಕಿದೆ. ಅದರಲ್ಲಿ ಅಡಿಕೆ ವ್ಯಾಪಾರಕ್ಕೆ ಸಂಬಂಧಪಟ್ಟ 43 ಕಾಗದಗಳು ತಂತಿಗೆ ಚುಚ್ಚಿದ ಹಾಗೇ ಇವೆ. ಬಿಡಿ ಅಂಚೆಚೀಟಿ ಸುಮಾರು 60. ಹೆಚ್ಚಿನವು ರಾಣಿಯ ತಲೆ ಇರುವ ನೀಲಿ ಅರ್ಧಾಣೆ, ಕೆಲವು ಹಸಿರು. ಬಿಡಿ ನೀಲಿ ಚೀಟಿಯೊಂದಕ್ಕೆ ಮೂರು ಬದಿ ಹಲ್ಲೇ, ಅಂದರೆ ಅಂಚಿನ ಗರಗಸದಂಥ ಕಚ್ಚುಗಳೇ ಇಲ್ಲ (ಫೋಟೊ ಕಳಿಸಿದ್ದೇನೆ). 1854ರ ಮೊದಲ ಚೀಟಿಗೆ ಹಲ್ಲಿರಲಿಲ್ಲ, ಅದಕ್ಕೆ ಕೋಟಿ ಬೆಲೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಶಿವಮೊಗ್ಗದ ವ್ಯಾಪಾರಿಯೊಬ್ಬರು ಎಲ್ಲ ಸೇರಿ 2,000 ರೂಪಾಯಿ ಎಂದರು. ಫೋನಿನಲ್ಲಿ ಇನ್ನೊಬ್ಬರು 18 ಲಕ್ಷ ಕೊಡುತ್ತೇವೆ, ಮೊದಲು 2,150 ರೂಪಾಯಿ ನೋಂದಣಿ ಶುಲ್ಕ ಕಟ್ಟಿ ಎನ್ನುತ್ತಿದ್ದಾರೆ. ಅಣ್ಣನ ಮಗ ಚೀಟಿಗಳನ್ನೆಲ್ಲ ಕತ್ತರಿಸಿ ತೊಳೆದು ಆಲ್ಬಮ್ ಮಾಡೋಣ ಎಂದು ಕುಳಿತಿದ್ದಾನೆ. ಒಂದು ಕಾಗದದಲ್ಲಿ ‘ಚಿತ್ರಭಾನು ಸಂವತ್ಸರ ಕಾರ್ತೀಕ ಶುದ್ಧ’ ಎಂದಿದೆ. ‘ಮೈಸೂರು’ ಎಂದು ಬರೆದ ಎರಡು ಚೀಟಿಗಳೂ ಇವೆ. ನಿಜವಾದ ಬೆಲೆ ಎಷ್ಟು, ಏನು ಮಾಡಲಿ?

ಉತ್ತರ: ಮೊದಲು ಅಣ್ಣನ ಮಗನ ಕೈಯಿಂದ ಕತ್ತರಿ ತೆಗೆದಿಡಿ. ಮಿಕ್ಕಿದ್ದನ್ನೆಲ್ಲ ನಿಧಾನವಾಗಿ ನೋಡಬಹುದು. ನಿಮ್ಮ ಟ್ರಂಕಿನಲ್ಲಿ ಬೆಲೆ ಇರುವುದು ಬಿಡಿ ಚೀಟಿಗಳಲ್ಲಲ್ಲ, ತಂತಿಯಲ್ಲಿರುವ ಆ 43 ಕಾಗದಗಳಲ್ಲಿ. ಅವನ್ನು ಕತ್ತರಿಸಿದರೆ ನೂರು ರೂಪಾಯಿಯ ವಸ್ತುವನ್ನು ಐದು ರೂಪಾಯಿಗೆ ಇಳಿಸಿದಂತೆ.

ಹಾಗೆಯೇ ಆ ನೋಂದಣಿ ಶುಲ್ಕವನ್ನು ಕಟ್ಟಬೇಡಿ. ಕೊಳ್ಳುವವನು ಹಣ ಕೊಡಬೇಕೇ ಹೊರತು ಮಾರುವವನಿಂದ ಕೇಳುವುದಲ್ಲ. ಹಳೇ ನೋಟು, ನಾಣ್ಯಗಳ ಹೆಸರಿನಲ್ಲಿ ಹೀಗೇ ಶುಲ್ಕ, ಕಮಿಷನ್, ತೆರಿಗೆ ಎಂದು ವಸೂಲಿ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು. ಅಂಚೆಚೀಟಿಗೂ ಅದೇ ಆಟ ಶುರುವಾಗಿದೆ. ಈಗಾಗಲೇ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಈಗ ಹಲ್ಲಿಲ್ಲದ ಚೀಟಿಗೆ ಬರೋಣ. 1854ರ ಚೀಟಿಗೆ ಹಲ್ಲಿರಲಿಲ್ಲ ಎನ್ನುವುದು ನಿಜ. ಹಲ್ಲಿಲ್ಲದ್ದೆಲ್ಲ 1854ರದ್ದು ಎನ್ನುವುದು ಮಾತ್ರ ಸುಳ್ಳು. ವಿಡಿಯೊದವರು ಈ ಎರಡನ್ನೂ ಒಂದೇ ಮಾಡಿ ಹೇಳುತ್ತಾರೆ. ಅಂಚನ್ನು ನೋಡುವ ಮೊದಲು ತಲೆಬರಹ ಓದಬೇಕು.

1854ರ ನೀಲಿ ಅರ್ಧಾಣೆ ಕಲ್ಕತ್ತದಲ್ಲೇ ಅಚ್ಚಾಯಿತು. ಸರ್ವೇ ಕಚೇರಿಯಲ್ಲಿ ಕ್ಯಾಪ್ಟನ್ ಥುಯಿಲಿಯರ್ ಅವರ ಉಸ್ತುವಾರಿಯಲ್ಲಿ ಕಲ್ಲಚ್ಚಿನಿಂದ, ಅಂದರೆ ಲಿಥೊ ವಿಧಾನದಲ್ಲಿ ತೆಗೆದದ್ದು. ಅದರ ಮೇಲ್ಭಾಗದಲ್ಲಿ ‘ಇಂಡಿಯಾ’ ಎಂಬ ಒಂದೇ ಪದ, ಕೆಳಗೆ ‘ಹಾಫ್ ಆನ’. ‘ಪೋಸ್ಟೇಜ್’ ಎಂಬ ಮಾತೇ ಇಲ್ಲ. ಎಡಬಲದ ಪಟ್ಟಿಗಳಲ್ಲಿ ಸಣ್ಣ ಕಮಾನುಗಳ ಸಾಲು ಇರುತ್ತದೆ.

ಆಮೇಲಿನವು ಲಂಡನ್ನಿನ ಡೆ ಲಾ ರೂ ಕಂಪನಿಯಲ್ಲಿ ಅಚ್ಚಾಗಿ ಹಡಗಿನಲ್ಲಿ ಬಂದವು. ಅರ್ಧಾಣೆ 1856ರಿಂದ ಹೀಗೆ ಬರತೊಡಗಿತು. ರಾಣಿಯ ತಲೆ ಅಂಡಾಕಾರದ ಚೌಕಟ್ಟಿನೊಳಗಿದೆ, ಬರಹ ‘ಈಸ್ಟ್ ಇಂಡಿಯಾ ಪೋಸ್ಟೇಜ್’, ನಾಲ್ಕೂ ಬದಿ ಹಲ್ಲು. ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎಂದು 1877ರಲ್ಲಿ ಘೋಷಣೆಯಾದ ಮೇಲೆ 1882ರಿಂದ ಹೊಸ ಸರಣಿ ಶುರುವಾಯಿತು. ಆಗ ‘ಈಸ್ಟ್’ ಬಿದ್ದುಹೋಗಿ ‘ಇಂಡಿಯಾ ಪೋಸ್ಟೇಜ್’ ಉಳಿಯಿತು. ನೀಲಿಯಿದ್ದ ಅರ್ಧಾಣೆ 1883ರಲ್ಲಿ ನೀಲಿಹಸಿರಿಗೆ ತಿರುಗಿ, 1900ರಲ್ಲಿ ಹಳದಿಹಸಿರಾಯಿತು. ಟ್ರಂಕಿನ ಹಸಿರು ಚೀಟಿಗಳು ಈ ಕೊನೆಯ ಎರಡರಲ್ಲಿ ಒಂದು. ಎರಡನ್ನೂ ಅಕ್ಕಪಕ್ಕ ಇಟ್ಟು ಹಗಲು ಬೆಳಕಿನಲ್ಲಿ ನೋಡಿದರೆ ವ್ಯತ್ಯಾಸ ತಾನೇ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನಿರ್ಧರಿಸಲು ಹೋಗಬೇಡಿ.

ನಿಮ್ಮ ಫೋಟೊ ದೊಡ್ಡದು ಮಾಡಿ ನೋಡಿದರೆ ಮೇಲಿನ ಬರಹದಲ್ಲಿ ‘ಈಸ್ಟ್’ ಎಂಬ ಅಕ್ಷರಗಳು ಸ್ಪಷ್ಟ. ಅಲ್ಲಿಗೆ 1854ರ ಮಾತು ಮುಗಿಯಿತು. ಹಾಗಾದರೆ ಮೂರು ಬದಿಯ ಹಲ್ಲು ಎಲ್ಲಿ ಹೋಯಿತು? ಯಾರೋ ಕತ್ತರಿಯಲ್ಲಿ ಸವರಿದ್ದಾರೆ. ಮೋಸ ಮಾಡಲೆಂದೇ ಇರಬೇಕಿಲ್ಲ. ಹಾಳೆಯಿಂದ ಚೀಟಿ ಬಿಡಿಸುವಾಗ ಹಲ್ಲಿನ ಗೆರೆಯಲ್ಲಿ ಹರಿಯುವ ಬದಲು ಕತ್ತರಿಸುವವರು ಅಂಚೆಕಚೇರಿಯಲ್ಲೂ ಇದ್ದರು, ಗದ್ದಿಗೆಯ ಮೇಲೆ ಕುಳಿತ ಸಾಹುಕಾರರಲ್ಲೂ ಇದ್ದರು.

ಇದನ್ನು ನೀವೇ ಖಚಿತಪಡಿಸಿಕೊಳ್ಳಬಹುದು. ನಾಲ್ಕೂ ಬದಿ ಹಲ್ಲಿರುವ ಇನ್ನೊಂದು ನೀಲಿ ಅರ್ಧಾಣೆಯನ್ನು ಕಪ್ಪು ಕಾಗದದ ಮೇಲಿಡಿ. ಹಲ್ಲಿಲ್ಲದ್ದನ್ನು ಅದರ ಪಕ್ಕಕ್ಕೆ ತಂದು ಚೌಕಟ್ಟಿನ ನೀಲಿ ಗೆರೆಗಳು ಒಂದೇ ಮಟ್ಟಕ್ಕೆ ಬರುವಂತೆ ಹೊಂದಿಸಿ. ಆಮೇಲೆ ಚೌಕಟ್ಟಿನ ಹೊರಗೆ ಉಳಿದ ಬಿಳಿ ಅಂಚನ್ನು ಹೋಲಿಸಿ. ಅಚ್ಚಾದಾಗಲೇ ಹಲ್ಲಿಲ್ಲದ ಚೀಟಿಯಾಗಿದ್ದರೆ ಅದರ ಬಿಳಿ ಅಂಚು ಪಕ್ಕದ್ದರ ಹಲ್ಲಿನ ತುದಿಯನ್ನೂ ದಾಟಿ ಹೊರಚಾಚಬೇಕು, ಕೊನೆಗೆ ಅದರಷ್ಟಾದರೂ ಇರಬೇಕು. ನಿಮ್ಮದರಲ್ಲಿ ಬಲಬದಿಯ ಅಂಚು ನೀಲಿ ಗೆರೆಗೆ ತಾಗುವಷ್ಟು ಹತ್ತಿರ ಬಂದಿದೆ. ಉಳಿದ ಒಂದು ಬದಿಯಲ್ಲಿ ಹಲ್ಲು ಇದ್ದೇ ಇದೆಯಲ್ಲ, ಅದೂ ಸಾಕ್ಷಿಯೇ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಅಚ್ಚಿನ ರೀತಿಯನ್ನೂ ನೋಡಬಹುದು. ಡೆ ಲಾ ರೂ ಚೀಟಿಗಳು ಉಬ್ಬು ಅಚ್ಚಿನವು, ಅಂದರೆ ಅಚ್ಚಿನ ಉಬ್ಬಿದ ಗೆರೆಗಳಿಗೆ ಶಾಯಿ ಹಚ್ಚಿ ಒತ್ತಿದವು. ಒತ್ತುವಾಗ ಶಾಯಿ ಗೆರೆಯ ಬದಿಗೆ ಜಾರಿ, ಗೆರೆಯ ಅಂಚು ನಡುಭಾಗಕ್ಕಿಂತ ಗಾಢವಾಗಿರುತ್ತದೆ. ಹಿಂಬದಿಯಲ್ಲಿ ಕೆಲವೊಮ್ಮೆ ಒತ್ತಿದ ಗುರುತೂ ಸಿಗುತ್ತದೆ. ಕಲ್ಲಚ್ಚಿನಲ್ಲಿ ಶಾಯಿ ಒಂದೇ ಸಮ, ಮಟ್ಟಸ, ಗೆರೆಗಳು ಸ್ವಲ್ಪ ಮೊಂಡು.

ಇನ್ನೊಂದು ಬಗೆಯ ‘ಹಲ್ಲಿಲ್ಲದ ಚೀಟಿ’ಯೂ ಮನೆಗಳಲ್ಲಿ ಸಿಗುತ್ತದೆ. ಅದು ಅರ್ಧಾಣೆಯ ಅಂಚೆ ಲಕೋಟೆಯಿಂದ ಕತ್ತರಿಸಿದ ತುಂಡು. ಅದರಲ್ಲಿ ರಾಣಿಯ ತಲೆ ಬಣ್ಣವಿಲ್ಲದೆ ಉಬ್ಬಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಲಕೋಟೆ ಇಡಿಯಾಗಿದ್ದರೆ ಸಂಗ್ರಹಕಾರರು ಕೊಳ್ಳುತ್ತಾರೆ, ಕತ್ತರಿಸಿದ ತುಂಡನ್ನು ಕೇಳುವವರು ಕಡಿಮೆ. ಕತ್ತರಿ ಮಾಡಿದ ಹಾನಿಗೆ ಇದೂ ಒಂದು ಉದಾಹರಣೆ.

ಮತ್ತೊಂದು ಮಾತು. ಅದು ನಿಜವಾಗಿ 1854ರ ನೀಲಿ ಅರ್ಧಾಣೆಯೇ ಆಗಿದ್ದರೂ ಕೋಟಿ ಬರುತ್ತಿರಲಿಲ್ಲ. ನಾಲ್ಕೂ ಬದಿ ಅಂಚು ಉಳಿದ, ಬಳಸಿದ, ಹರಿಯದ ಒಂದು ಪ್ರತಿಗೆ ಸಾಮಾನ್ಯವಾಗಿ ಕೆಲವು ಸಾವಿರ. ಅಂಚು ಕೊರೆದುಹೋಗಿದ್ದರೆ ನೂರರ ಲೆಕ್ಕ. ಕೋಟಿಯ ಸುದ್ದಿ ಬರುವುದು ಬೇರೆ ಚೀಟಿಗಳಿಂದ. ಅದೇ 1854ರ ನಾಲ್ಕಾಣೆಯಲ್ಲಿ ರಾಣಿಯ ತಲೆ ಉಲ್ಟಾ ಅಚ್ಚಾದ ಬೆರಳೆಣಿಕೆಯ ಪ್ರತಿಗಳಿವೆ. 1948ರ ಗಾಂಧೀಜಿಯ ಹತ್ತು ರೂಪಾಯಿ ಚೀಟಿಯ ಮೇಲೆ ‘ಸರ್ವಿಸ್’ (ಸರ್ಕಾರಿ ಬಳಕೆಗೆ) ಎಂದು ಅಚ್ಚೊತ್ತಿ ಗವರ್ನರ್ ಜನರಲ್ ಕಚೇರಿಗೆ ಕೊಟ್ಟವು ಇವೆ. ಅಂಥ ನಾಲ್ಕರ ಒಂದು ಗುಂಪು 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಆ ಸುದ್ದಿಯ ತಲೆಬರಹದ ಕೆಳಗೆ ಯಾರೋ ನಿಮ್ಮ ಅರ್ಧಾಣೆಯ ಚಿತ್ರ ಅಂಟಿಸಿ ವಿಡಿಯೊ ಮಾಡಿದ್ದಾರೆ, ಅಷ್ಟೇ.

ನೂರೈವತ್ತು ವರ್ಷ ಹಳೆಯದಾದರೂ ಬೆಲೆ ಏಕಿಲ್ಲ? ಏಕೆಂದರೆ ಅರ್ಧಾಣೆ ಎಂದರೆ ದಿನನಿತ್ಯದ ಹಗುರ ಕಾಗದದ ದರ. ಮದುವೆ ಕರೆ, ಸಾಲದ ನೆನಪು, ಅಡಿಕೆ ಧಾರಣೆ, ಎಲ್ಲವೂ ಅದರಲ್ಲೇ ಹೋಗುತ್ತಿದ್ದವು. ನೀಲಿ ಅರ್ಧಾಣೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಕೋಟಿಗಟ್ಟಲೆ ಅಚ್ಚಾಯಿತು, ಲೆಕ್ಕದ ಕಾಗದಗಳ ಜೊತೆ ಮನೆಮನೆಯಲ್ಲೂ ಉಳಿಯಿತು. ಬೇಡಿಕೆಗಿಂತ ಸರಕು ಹೆಚ್ಚು.

ಹಾಗಂತ ಆ 60 ಬಿಡಿ ಚೀಟಿಗಳನ್ನು ನೋಡದೆ ಬದಿಗೆ ತಳ್ಳಬೇಡಿ. ಮೂರು ವಿಷಯ ಹುಡುಕಿ.

ಒಂದು, ನೀರ್ಗುರುತು (ವಾಟರ್‌ಮಾರ್ಕ್), ಅಂದರೆ ಕಾಗದದೊಳಗೇ ಅಡಗಿರುವ ಗುರುತು. ನೀಲಿ ಅರ್ಧಾಣೆ 1856ರಿಂದ ನೀರ್ಗುರುತಿಲ್ಲದ ಕಾಗದದಲ್ಲಿ, 1865ರಿಂದ ಆನೆಯ ತಲೆಯ ನೀರ್ಗುರುತಿನ ಕಾಗದದಲ್ಲಿ ಬಂತು. 1882ರ ಸರಣಿಗೆ ನಕ್ಷತ್ರ. ನೋಡುವ ಕ್ರಮ ಹೀಗೆ: ಕಪ್ಪು ಪಿಂಗಾಣಿ ತಟ್ಟೆಯಲ್ಲಿ ಚೀಟಿಯನ್ನು ಮುಖ ಕೆಳಗೆ ಮಾಡಿ ಇಟ್ಟು, ಸಿಗರೇಟ್ ಲೈಟರಿಗೆ ಹಾಕುವ ದ್ರವದ ಎರಡು ಹನಿ ಬಿಡಿ. ಕೆಲವೇ ಸೆಕೆಂಡು ಸೊಂಡಿಲ ಆಕಾರ ಕಪ್ಪಾಗಿ ಮೂಡಿ, ದ್ರವ ಆರಿದಂತೆ ಮಾಯವಾಗುತ್ತದೆ. ಚೀಟಿಯಲ್ಲಿ ಕಾಗದ ಸವೆದ ಜಾಗ, ಅಂಟಿಸಿ ಮುಚ್ಚಿದ ಹರುಕು ಇದ್ದರೆ ಅವೂ ಆಗಲೇ ಕಪ್ಪಾಗಿ ಸಿಕ್ಕಿಬೀಳುತ್ತವೆ. ಕಿಟಕಿ ತೆರೆದಿಟ್ಟು, ಒಲೆ, ದೀಪ, ಬೀಡಿಯಿಂದ ದೂರ ಕುಳಿತು ಮಾಡಿ. ಸೀಮೆಎಣ್ಣೆ, ಪೆಟ್ರೋಲು ಬೇಡ, ಎಣ್ಣೆಕಲೆ ಉಳಿಯುತ್ತದೆ. ಅರ್ಧಾಣೆಯ ಮಟ್ಟಿಗೆ ನೀರ್ಗುರುತಿನಿಂದ ಬೆಲೆ ಅಷ್ಟೇನೂ ಏರುವುದಿಲ್ಲ, ಕಾಲ ತಿಳಿಯುತ್ತದೆ.

ಎರಡು, ಮೇಲಚ್ಚು, ಅಂದರೆ ಅಚ್ಚಾದ ಚೀಟಿಯ ಮೇಲೆ ಮತ್ತೆ ಒತ್ತಿದ ಅಕ್ಷರ. ಹಸಿರು ಚೀಟಿಗಳ ಮೇಲೆ ಕಪ್ಪು ಅಕ್ಷರದಲ್ಲಿ ಪಟಿಯಾಲ, ಗ್ವಾಲಿಯರ್, ಚಂಬಾ, ಜಿಂದ್, ನಾಭಾ, ಫರೀದ್‌ಕೋಟ್ ಎಂದು ಸಂಸ್ಥಾನದ ಹೆಸರಿದೆಯೇ, ಸರ್ಕಾರಿ ಬಳಕೆಯ ‘ಆನ್ ಎಚ್.ಎಂ.ಎಸ್.’ ಎಂದಿದೆಯೇ, 1898ರ ‘¼’ ಎಂಬ ಅಂಕಿ ಇದೆಯೇ ನೋಡಿ. ಹೆಚ್ಚಿನವು ಅಗ್ಗವೇ. ಅಕ್ಷರ ತಲೆಕೆಳಗಾಗಿದ್ದರೆ ಮಾತ್ರ ಬೇರೆ ತೆಗೆದಿಡಿ. 1866ರ ಚಿಕ್ಕಕ್ಷರದ ‘ಸರ್ವಿಸ್’ ಮೇಲಚ್ಚಿನಲ್ಲಿ ನಕಲಿ ಬಹಳ, ಸಿಕ್ಕಿತೆಂದು ಹಿಗ್ಗುವ ಮುನ್ನ ತಿಳಿದವರಿಗೆ ತೋರಿಸಿ.

ಮೂರು, ಠಸ್ಸೆ, ಅಂದರೆ ಅಂಚೆಕಚೇರಿ ಚೀಟಿಯ ಮೇಲೆ ಒತ್ತುವ ಮೊಹರು. ಸಾಧಾರಣ ಚೀಟಿಗೆ ಬೆಲೆ ತಂದುಕೊಡುವುದು ಹೆಚ್ಚಾಗಿ ಇದೇ. ಸಿಂಗಪುರ, ಪೆನಾಂಗ್, ಮಲಾಕ್ಕಾಗಳಲ್ಲಿ 1867ರ ತನಕ ಭಾರತದ ಚೀಟಿಗಳೇ ನಡೆಯುತ್ತಿದ್ದವು. ಅಲ್ಲಿನ ಠಸ್ಸೆಗಳಲ್ಲಿ ಇಂಗ್ಲಿಷ್ ‘ಬಿ’ ಅಕ್ಷರದ ಜೊತೆ ಕ್ರಮವಾಗಿ 172, 147, 109 ಎಂಬ ಸಂಖ್ಯೆ ಇರುತ್ತದೆ. ಅಂಥ ಠಸ್ಸೆ ಪೂರ್ತಿ ಮೂಡಿದ್ದರೆ ಅದೇ ನೀಲಿ ಚೀಟಿ ಬೇರೆಯೇ ದರಕ್ಕೆ ಹೋಗುತ್ತದೆ. ಮಲೆನಾಡಿನ ಅಡಿಕೆ ಕಾಗದದಲ್ಲಿ ಸಿಂಗಪುರ ಸಿಗುವುದು ಕಷ್ಟ, ಆದರೂ ನೋಡಲು ಖರ್ಚೇನಿಲ್ಲ.

‘ಮೈಸೂರು’ ಎಂದಿರುವ ಆ ಎರಡೂ ಅಂಚೆಚೀಟಿಗಳಲ್ಲ. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳು ಅಂಚೆಚೀಟಿ ಹೊರಡಿಸಿದವು, ಮೈಸೂರು ಹೊರಡಿಸಲಿಲ್ಲ. ಮೈಸೂರಿಗೆ ಚಿಕ್ಕದೇವರಾಜ ಒಡೆಯರ ಕಾಲದಿಂದ ತನ್ನದೇ ಅಂಚೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಯಿತು. ನಿಮ್ಮವು ಕೋರ್ಟ್ ಫೀ ಅಥವಾ ರೆವಿನ್ಯೂ ಚೀಟಿಗಳಿರಬೇಕು. ಅವನ್ನು ಕೂಡಿಡುವವರೇ ಬೇರೆ ಇದ್ದಾರೆ. ದಸ್ತಾವೇಜಿಗೆ ಅಂಟಿದ್ದರೆ ದಸ್ತಾವೇಜಿನ ಸಮೇತ ಇಡಿ.

ಈಗ ಕಾಗದಗಳು. ಚಿತ್ರಭಾನು ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 1882–83, 1942–43. ಇವುಗಳಲ್ಲಿ ಯಾವುದು ಎಂದು ಹೇಳುವುದು ಚೀಟಿ. ಕಾಗದಕ್ಕೆ ಅಂಟಿರುವುದು ರಾಣಿಯ ನೀಲಿ ಅರ್ಧಾಣೆ ಆಗಿದ್ದರೆ ಅದು 1882, ಕಾರ್ತೀಕ ಶುದ್ಧ ಎಂದರೆ ನವೆಂಬರ್. ಅಂದರೆ ನೀಲಿ ಅರ್ಧಾಣೆಯ ಕೊನೆಗಾಲದ ಕಾಗದ, ಮುಂದಿನ ವರ್ಷದಲ್ಲಿ ಹಸಿರು ಬಂದೇಬಿಟ್ಟಿತು. ಇದನ್ನು ಅಂಚೆಕಚೇರಿಯ ಠಸ್ಸೆಯ ತಾರೀಖಿನ ಜೊತೆ ತಾಳೆ ನೋಡಬಹುದು. ಚೀಟಿ, ಠಸ್ಸೆ, ಬರೆದವರ ಸಂವತ್ಸರ ಮೂರೂ ಒಂದೇ ಮಾತು ಹೇಳುವ ಕಾಗದಕ್ಕೆ ಅಂಚೆ ಇತಿಹಾಸದ ಸಂಗ್ರಹಕಾರರು ಬೆಲೆ ಕೊಡುತ್ತಾರೆ. 1889ಕ್ಕೆ ಮುಂಚಿನ ಕಾಗದಗಳಲ್ಲಿ ಎಲ್ಲಾದರೂ ಬ್ರಿಟಿಷ್ ಅಂಚೆಯ ಠಸ್ಸೆಯ ಜೊತೆ ಮೈಸೂರು ಅಂಚೆಯ ಮುದ್ರೆಯೂ ಬಿದ್ದಿದ್ದರೆ ಅದನ್ನು ಯಾರಿಗೂ ಒಟ್ಟು ಲೆಕ್ಕದಲ್ಲಿ ಕೊಡಬೇಡಿ. ಟ್ರಂಕಿನಲ್ಲಿ ನಿಜವಾದ ಹಣ ಇದ್ದರೆ ಅದು ಅಲ್ಲಿ.

ತಂತಿಯಿಂದ ಬಿಡಿಸುವುದೂ ಒಂದು ಕೆಲಸವೇ. ತುಕ್ಕು ಹಿಡಿದ ಕೊಕ್ಕೆಯ ಕಡೆಯಿಂದ ಎಳೆದರೆ ತೂತು ಹರಿದು ಅಗಲವಾಗುತ್ತದೆ, ತುಕ್ಕಿನ ಪುಡಿ ಕಾಗದದುದ್ದಕ್ಕೂ ಉಜ್ಜುತ್ತದೆ. ಕೊಕ್ಕೆಯನ್ನು ಇಕ್ಕಳದಿಂದ ಕತ್ತರಿಸಿ ತೆಗೆದು, ನಯವಾಗಿರುವ ತುದಿಯಿಂದ ಒಂದೊಂದೇ ಕಾಗದವನ್ನು ನೇರವಾಗಿ ಮೇಲೆತ್ತಿ. ಬರುವ ಕ್ರಮದಲ್ಲೇ ಬೇರೆ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆದುಕೊಳ್ಳಿ. ತಂತಿಯಲ್ಲಿ ಹಳೆಯದು ಕೆಳಗೆ, ಹೊಸದು ಮೇಲೆ ಇರುವುದು ವಾಡಿಕೆ, ಆ ಕ್ರಮವೇ ಕಾಲಸೂಚಿ. ತೂತು ಚೀಟಿಯ ಮೂಲಕವೇ ಹಾದಿದ್ದರೆ ಬೆಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕಾಗದದ ಖಾಲಿ ಜಾಗದಲ್ಲಿದ್ದರೆ ಕೊಳ್ಳುವವರು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ, ಭಾರತದ ಹಳೇ ಕಾಗದಕ್ಕೆ ತಂತಿ ತೂತು ಹಣೆಯ ಮೇಲಿನ ಮಚ್ಚೆ ಇದ್ದಂತೆ.

ಕಾಗದಗಳನ್ನು ತೊಳೆಯುವ ಮಾತೇ ಇಲ್ಲ, ಬರಹ ಹರಡುತ್ತದೆ. ಬಿಡಿ ಚೀಟಿಗಳ ಹಿಂದೆ ದಪ್ಪ ಕಾಗದ ಅಂಟಿದ್ದರೆ ಮಾತ್ರ ತಣ್ಣೀರಿನಲ್ಲಿ ಮುಖ ಮೇಲೆ ಮಾಡಿ ತೇಲಿಬಿಡಿ. ಕಾಲು ಗಂಟೆಯಲ್ಲಿ ತಾನೇ ಜಾರಿ ಬಿಡುತ್ತದೆ. ಉಗುರಿನಿಂದ ಕೆರೆದರೆ ಚೀಟಿ ತೆಳುವಾಗುತ್ತದೆ. ಹಸಿರಿನವನ್ನು ನೀರಿಗೆ ಹಾಕುವ ಮುನ್ನ ಹರಿದ ಒಂದನ್ನು ಹಾಕಿ ನೋಡಿ, ಆ ಕಾಲದ ಹಸಿರು ಶಾಯಿ ನೀರಿಗೆ ಬೆದರುತ್ತದೆ. ಸೋಪು, ಬ್ಲೀಚಿಂಗ್ ಪೌಡರ್, ನಿಂಬೆರಸ ಯಾವುದೂ ಬೇಡ. ಕಂದು ಚುಕ್ಕೆ ಮಲೆನಾಡಿನ ಮಳೆಗಾಲದ ಕೊಡುಗೆ, ಅದನ್ನು ತೆಗೆಯಲು ಹೋದವರು ಚೀಟಿಯ ಬಣ್ಣವನ್ನೂ ತೆಗೆದಿದ್ದಾರೆ. ಹರಿದದ್ದಕ್ಕೆ ಸೆಲ್ಲೋಟೇಪು ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಕೊಲೆ. ಪಾಲಿಯೆಸ್ಟರ್ ಲಕೋಟೆಗಳಲ್ಲಿ ಒಂದೊಂದಾಗಿ ಇಟ್ಟು, ಸಿಲಿಕಾ ಜೆಲ್ ಚೀಲದ ಜೊತೆ ಒಣ ಬೀರುವಿನಲ್ಲಿಡಿ. ಮೆತ್ತಗಿದ್ದು ವಾಸನೆ ಬರುವ ಪಿವಿಸಿ ಹಾಳೆ ಬೇಡ, ಅದು ಶಾಯಿಯನ್ನು ಎಳೆದುಕೊಳ್ಳುತ್ತದೆ. ಮತ್ತೆ ಅಟ್ಟಕ್ಕೆ ಮಾತ್ರ ಹಾಕಬೇಡಿ.

ಬೆಲೆಯ ಲೆಕ್ಕ ನೋಡೋಣ. ಅಂಚೆಚೀಟಿಗಳ ಕ್ಯಾಟಲಾಗಿನಲ್ಲಿ ಅಚ್ಚಾಗಿರುವುದು ಲೋಪವಿಲ್ಲದ ಪ್ರತಿಗೆ ವ್ಯಾಪಾರಿ ಕೇಳುವ ಬೆಲೆ. ಅವನು ಮಾರುವುದು ಅದಕ್ಕಿಂತ ಕಡಿಮೆಗೆ, ನಿಮ್ಮಿಂದ ಕೊಳ್ಳುವುದು ಇನ್ನೂ ಕಡಿಮೆಗೆ. ಬಳಸಿದ ಬಿಡಿ ಅರ್ಧಾಣೆ, ನೀಲಿಯಾಗಲಿ ಹಸಿರಾಗಲಿ, ಐದು ರೂಪಾಯಿಯಿಂದ ಇಪ್ಪತ್ತು ಮೂವತ್ತರ ಒಳಗೆ ಮಾರಾಟವಾಗುವ ಸರಕು. ನಿಮಗೆ ಸಿಗುವುದು ಅದರ ಮೂರರಲ್ಲಿ ಒಂದು ಪಾಲು. ಹಲ್ಲು ಸವರಿದ ನಿಮ್ಮ ‘ಕೋಟಿ’ ಚೀಟಿಗೆ ಅದೂ ಇಲ್ಲ. ಇಡೀ ಕಾಗದ, ಓದಲು ಬರುವ ಠಸ್ಸೆ, ಚೀಟಿ ಹರಿಯದೆ ಇದ್ದರೆ ಅಂಗಡಿಯಲ್ಲಿ 200ರಿಂದ 500 ರೂಪಾಯಿ ಕೇಳುತ್ತಾರೆ, ಅಪರೂಪದ ಊರಿನ ಠಸ್ಸೆಯಾದರೆ ಮೇಲೆ. ತಂತಿ ತೂತು, ಹುಳು ತಿಂದದ್ದು ಎಲ್ಲ ಕಳೆದು, ವ್ಯಾಪಾರಿ ಒಟ್ಟಿಗೆ ಕೊಳ್ಳುವಾಗ ಸರಾಸರಿ ನೂರು ಎಂದಿಟ್ಟುಕೊಂಡರೂ 43 ಕಾಗದಕ್ಕೆ 4,300. ಬಿಡಿಯವಕ್ಕೆ ಒಂದಿನ್ನೂರು, ಮುನ್ನೂರು. ಶಿವಮೊಗ್ಗದವರ 2,000 ಮೋಸ ಎನ್ನಲಾರೆ, ಕಾಗದಗಳನ್ನು ಬಿಡಿಸಿ ನೋಡದೆ ಹೇಳಿದ ಬೆಲೆ ಅದು. ಆದರೆ ನೋಡದೆ ಹೇಳಿದ ಬೆಲೆಗೆ ನೀವು ಒಪ್ಪಬೇಕಿಲ್ಲ.

ಮಾರುವುದಾದರೆ ದಾರಿಗಳಿವೆ. ಒಟ್ಟಾಗಿ ವ್ಯಾಪಾರಿಗೆ ಕೊಟ್ಟರೆ ಹಣ ಅವತ್ತೇ ಕೈಗೆ, ಆದರೆ ಒಳ್ಳೆಯ ಎರಡು ಕಾಗದ ಸಾಧಾರಣ ನಲವತ್ತೊಂದರ ಬೆಲೆಗೇ ಹೋಗಿಬಿಡುತ್ತವೆ. ಹರಾಜು ಸಂಸ್ಥೆಗಳು ಚಿಲ್ಲರೆ ಸರಕು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೂ ಕಮಿಷನ್ ಕಳೆಯುತ್ತಾರೆ, ಹಣ ಬರಲು ತಿಂಗಳುಗಳು ಬೇಕು. ಒಂದೆರಡು ವಿಶೇಷ ಕಾಗದ ಸಿಕ್ಕರೆ ಮಾತ್ರ ಅದು ಸರಿ. ಆನ್‌ಲೈನಿನಲ್ಲಿ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಗಿಟ್ಟುತ್ತದೆ, ಆದರೆ ಪ್ರತಿಯೊಂದರ ಎರಡೂ ಬದಿ ಸ್ಕ್ಯಾನ್ ಮಾಡಿ, ಲೋಪ ಬರೆದು, ಸ್ಪೀಡ್ ಪೋಸ್ಟಿನಲ್ಲಿ ಕಳಿಸುವ ತಾಳ್ಮೆ ಬೇಕು. ಲಂಡನ್ನಿನ ತಜ್ಞ ಸಮಿತಿಯ ಪ್ರಮಾಣಪತ್ರ ತರಿಸುವ ಯೋಚನೆ ಬೇಡ, ಅದರ ಶುಲ್ಕವೇ ನಿಮ್ಮ ಇಡೀ ಟ್ರಂಕಿನ ಬೆಲೆ ಮೀರುತ್ತದೆ. ಅಂಚೆಕಚೇರಿಯ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ಕೌಂಟರಿನಲ್ಲಿ ಹೊಸ ಚೀಟಿ ಮಾರುತ್ತಾರೆ, ಹಳೆಯದಕ್ಕೆ ಬೆಲೆ ಕಟ್ಟುವುದಿಲ್ಲ. ಬೆಂಗಳೂರಿಗೆ ಹೋಗುವುದಿದ್ದರೆ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯ ಸದಸ್ಯರಿಗೆ ತೋರಿಸಿ. ಮೈಸೂರು ಅಂಚೆಯ ಮುದ್ರೆಗಳನ್ನು ಓದಬಲ್ಲವರು ಇಂಥ ಕಡೆಯೇ ಸಿಗುತ್ತಾರೆ. ಇಬ್ಬರಿಂದ ಬೇರೆಬೇರೆ ಬೆಲೆ ಕೇಳಿ, ಮೂಲ ಕಾಗದ ಯಾರ ಕೈಯಲ್ಲೂ ಬಿಟ್ಟು ಬರಬೇಡಿ.

ಮಾರದೆ ಇಟ್ಟುಕೊಳ್ಳುವುದೂ ಒಂದು ದಾರಿ. ನಾಲ್ಕೈದು ಸಾವಿರಕ್ಕೆ ಮನೆತನದ ಅಡಿಕೆ ಲೆಕ್ಕ, ಧಾರಣೆ, ಸಾಲದ ಮಾತು ಎಲ್ಲ ಕೊಟ್ಟುಬಿಡಬೇಕೇ ಎಂಬುದನ್ನು ನೀವೇ ಯೋಚಿಸಿ. ಕೊಡುವುದಾದರೂ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಅಣ್ಣನ ಮಗನಿಗೆ ಆಲ್ಬಮ್ಮಿನ ಆಸೆ ಇದೆಯಲ್ಲ, ಆ 60 ಬಿಡಿ ಚೀಟಿ ಅವನಿಗೆ ಕೊಡಿ. ಒಂದು ಪರ್ಫೊರೇಶನ್ ಗೇಜು (ಹಲ್ಲು ಅಳೆಯುವ ಪಟ್ಟಿ), ಚಿಮುಟ, ಭೂತಗನ್ನಡಿ ತೆಗೆಸಿಕೊಡಿ. ಎರಡು ಸೆಂಟಿಮೀಟರಿನಲ್ಲಿ 14 ಹಲ್ಲು ಎಣಿಸಲು ಕಲಿಯಲಿ.

ಚಿತ್ರಭಾನುವಿನ ಕಾಗದವನ್ನು ತಂತಿಯಿಂದ ಬಿಡಿಸಿದ ಮೇಲೆ ಅದರ ಹಿಂಬದಿಯ ಚಿತ್ರ ಕಳಿಸಿ, ಫ್ಲ್ಯಾಷ್ ಹಾಕದೆ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಈಗ ಕಳಿಸಿದ ಫೋಟೊದ ಮೂಲೆಯಲ್ಲಿ ಅದೇ ಕಾಗದದ ಮಡಿಕೆಯೊಳಗೆ ಅರ್ಧ ಕಾಣುವ ಒಂದು ಮುದ್ರೆ ಇದೆ. ಅದರ ಅಕ್ಷರ ಓದದೆ ಆ ಕಾಗದಕ್ಕೆ ಯಾರೇ ಬೆಲೆ ಹೇಳಿದರೂ ಒಪ್ಪಬೇಡಿ.